ಐದು ಫಂಡು, ಒಂದು ಕಾರ್ಡು

ಅಪ್ಪನ ಬೀಗದ ಅಂಗಡಿ ಮಾರಿದ ಮೇಲೆ ನನ್ನ ತಮ್ಮನ ಪಾಲಿನ ದುಡ್ಡು ಒಂಬತ್ತು ತಿಂಗಳು ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು. ದುಡ್ಡಿಗೇನು, ಎಲ್ಲಿ ಬಿಟ್ಟರೆ ಅಲ್ಲಿ ಬಿದ್ದಿರುತ್ತದೆ. ಸುಮ್ಮನಿರಲಾಗದೆ ಒದ್ದಾಡಿದವನು ನಾನು.

ತಮ್ಮನಿಗೆ ಮೂವತ್ತಾರು ವರ್ಷ. ಐದು ವರ್ಷದ ಮಗುವಿನ ಬುದ್ಧಿ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಬರೆಯಲಿ ಬಿಡಿ, ಐದು ವರ್ಷದ ಮಗುವಿಗೆ ಇಷ್ಟು ಹಟ ಇರುವುದನ್ನು ನಾನಂತೂ ಕಂಡಿಲ್ಲ. ಬೆಳಿಗ್ಗೆ ಶರ್ಟಿನ ಗುಂಡಿಗಳನ್ನು ತಾನೇ ಹಾಕಿಕೊಳ್ಳಬೇಕು, ಅದು ಮುಗಿಯುವ ತನಕ ಲೋಕವೆಲ್ಲ ಬಾಗಿಲಲ್ಲಿ ನಿಂತು ಕಾಯಬೇಕು. ಅದಕ್ಕೇ ಮನೆಯಲ್ಲಿ ಅವನನ್ನು ಸಾಹೇಬ ಅನ್ನುತ್ತೇವೆ. ಹಗಲೆಲ್ಲ ಅವನಂಥವರಿಗಾಗಿಯೇ ಇರುವ ಒಂದು ಕೇಂದ್ರದಲ್ಲಿ ರಟ್ಟಿನ ಡಬ್ಬ ಮಡಿಸುತ್ತಾನೆ. ಸಂಜೆ ನಾಲ್ಕಕ್ಕೆ ನಾನು ಹೋಗಿ ಕರೆತರುತ್ತೇನೆ.

ನನಗೆ ಐವತ್ತೆರಡು. ಮದುವೆಯಾಗಿಲ್ಲ. ಸಾಹೇಬನನ್ನು ನೋಡಿ ಹೆಣ್ಣಿನ ಕಡೆಯವರು ಹಿಂದೆ ಸರಿದರು ಎಂದು ನೆಂಟರು ಹೇಳುತ್ತಾರೆ. ನನ್ನ ಬಾಯಿ ಕೇಳಿಯೇ ಸರಿದರು ಎಂದು ತಂಗಿ ಹೇಳುತ್ತಾಳೆ. ಅವಳು ಎರಡು ಬೀದಿ ಆಚೆಗೆ ಒಬ್ಬಳೇ ಇದ್ದಾಳೆ, ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು. ಗಂಡ ತೀರಿಹೋಗಿ ಆರು ವರ್ಷವಾಯಿತು, ಮಕ್ಕಳಿಲ್ಲ. ನಮ್ಮಿಬ್ಬರ ನಂತರ ಸಾಹೇಬನಿಗೆ ತನ್ನವರು ಅಂತ ಯಾರೂ ಇಲ್ಲ. ಆಗ ಅವನು ಯಾವುದಾದರೂ ವಸತಿ ಮನೆಯಲ್ಲಿ ಇರಬೇಕಾಗುತ್ತದೆ, ಅದಕ್ಕೆ ತಿಂಗಳು ತಿಂಗಳು ಫೀಸು ಕಟ್ಟಬೇಕು. ಅಪ್ಪನ ಅಂಗಡಿಯ ದುಡ್ಡು ಇಟ್ಟಲ್ಲೇ ಇಟ್ಟರೆ ಎಂಟು ವರ್ಷಕ್ಕೆ ಸಾಲುತ್ತದೆ. ಸಾಹೇಬ ಗುಂಡುಕಲ್ಲಿನ ಹಾಗಿದ್ದಾನೆ, ಇನ್ನೂ ಮೂವತ್ತು ವರ್ಷವಾದರೂ ಬದುಕುತ್ತಾನೆ. ಮಿಕ್ಕ ವರ್ಷಗಳನ್ನು ಆ ದುಡ್ಡೇ ಬೆಳೆದು ತುಂಬಿಸಬೇಕು. ನನ್ನ ತಲೆ ತಿಂದದ್ದು ಇದೇ.

ಬ್ಯಾಂಕಿನ ಅಧಿಕಾರಿ ಬಣ್ಣದ ಪುಸ್ತಕ ಹಿಡಿದು ಒಂದು ಫಂಡು ತೋರಿಸಿದ. ಅದರಲ್ಲಿ ಯಾರೋ ಮಹಾ ಬುದ್ಧಿವಂತ ಕೂತು ಯಾವ ಶೇರು ಕೊಳ್ಳಬೇಕು, ಯಾವುದು ಮಾರಬೇಕು ಎಂದು ಆರಿಸುತ್ತಾನಂತೆ. ಅವನ ಬುದ್ಧಿವಂತಿಕೆಗೆ ನನ್ನ ತಮ್ಮ ಯಾಕೆ ಸಂಬಳ ಕೊಡಬೇಕು? ಇಂಡೆಕ್ಸ್ ಫಂಡು ಹಾಗಲ್ಲ. ಶೇರು ಪೇಟೆಯ ದೊಡ್ಡ ದೊಡ್ಡ ಕಂಪನಿಗಳದೊಂದು ಪಟ್ಟಿ ಇರುತ್ತದೆ. ಅದರಲ್ಲಿರುವುದನ್ನೆಲ್ಲ ಅಳತೆಗೆ ತಕ್ಕಂತೆ ಕೊಂಡು ಇಟ್ಟುಕೊಳ್ಳುವುದು, ಅಷ್ಟೇ. ಯಾರೂ ತಲೆ ಓಡಿಸುವುದಿಲ್ಲ, ಖರ್ಚು ಕಡಿಮೆ. ನನಗೆ ಹಿಡಿಸಿತು.

ಹಿಡಿಸಿದ ಮೇಲೆ ಶುರುವಾಯಿತು ನೋಡಿ. ಯಾವುದು? ಹೀಗೆ ಪಟ್ಟಿ ಹಿಡಿದು ಇಪ್ಪತ್ತು ಕಂಪನಿಗಳು ಇಪ್ಪತ್ತು ಫಂಡು ಮಾರುತ್ತವೆ. ಒಂದರ ಖರ್ಚು ವರ್ಷಕ್ಕೆ ಸಾವಿರಕ್ಕೆ ಒಂದು, ಇನ್ನೊಂದರದು ಸಾವಿರಕ್ಕೆ ಒಂದೂಕಾಲು. ಒಂದರ ಲಾಭ ಅದರ ಪಟ್ಟಿಯ ಲಾಭಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ, ಇನ್ನೊಂದು ಎರಡು ಕೂದಲೆಳೆಯಷ್ಟು. ನಾನು ಗೆರೆ ಹಾಕಿದ ನೋಟ್‌ಬುಕ್ ತಂದೆ. ಅದು ಮುಗಿದು ಎರಡನೆಯದು ತಂದೆ. ಸೋಮವಾರ ಗೆದ್ದ ಫಂಡು ಗುರುವಾರ ಸೋಲುತ್ತಿತ್ತು. ಊಟದ ತಟ್ಟೆ ಪಕ್ಕದಲ್ಲಿ ನೋಟ್‌ಬುಕ್, ಬಸ್ಸಿನಲ್ಲಿ ನೋಟ್‌ಬುಕ್. ಸಾಹೇಬ ಒಂದು ದಿನ ಅದನ್ನು ಎತ್ತಿಕೊಂಡು ಹೋಗಿ ರಟ್ಟಿನ ಡಬ್ಬದಲ್ಲಿಟ್ಟು ಅಂಟು ಹಚ್ಚಿಬಿಟ್ಟ. ಬೈದೆ. ಈಗ ಅನ್ನಿಸುತ್ತದೆ, ಆ ತಿಂಗಳುಗಳಲ್ಲಿ ಮನೆಯಲ್ಲಿ ಆದ ಒಂದೇ ಒಂದು ಒಳ್ಳೆಯ ಕೆಲಸ ಅದು.

ನನ್ನ ಕಸುಬು ಲಿಫ್ಟ್ ರಿಪೇರಿ. ಇಪ್ಪತ್ತೇಳು ವರ್ಷದಿಂದ ಕಟ್ಟಡಗಳ ನೆತ್ತಿಯ ಮೇಲಿನ ಮೆಷಿನ್ ರೂಮುಗಳಲ್ಲಿ ಗ್ರೀಸು ಮೆತ್ತಿಕೊಂಡು ಬದುಕಿದ್ದೇನೆ. ಜನ ಲಿಫ್ಟು ಒಂದು ಹಗ್ಗದಲ್ಲಿ ನೇತಾಡುತ್ತದೆ ಅಂದುಕೊಂಡಿರುತ್ತಾರೆ. ಇಲ್ಲ. ನಾನು ನೋಡಿಕೊಳ್ಳುವ ಲಿಫ್ಟುಗಳಲ್ಲಿ ಐದೋ ಆರೋ ಉಕ್ಕಿನ ಹಗ್ಗ ಇರುತ್ತವೆ, ಒಂದೊಂದೂ ತುಂಬಿದ ಲಿಫ್ಟನ್ನು ಒಂಟಿಯಾಗಿ ಹೊರುವಷ್ಟು ಗಟ್ಟಿ. ಒಂದು ಹೋದರೆ ಇನ್ನೊಂದು. ಈ ಯೋಚನೆ ನನ್ನ ಮೈಗೆ ಹತ್ತಿಬಿಟ್ಟಿದೆ. ಮನೆಯಲ್ಲಿ ಎರಡು ಟಾರ್ಚು, ಮೂರು ಜೊತೆ ಬೀಗದ ಕೈ. ಹಾಗಾಗಿ ಒಂಬತ್ತನೆಯ ತಿಂಗಳು ಒಂದು ಮಧ್ಯಾಹ್ನ, ಹನ್ನೊಂದು ಅಂತಸ್ತಿನ ಆಫೀಸು ಕಟ್ಟಡದ ಮೇಲೆ ಹಗ್ಗ ಒರೆಸುತ್ತಿದ್ದಾಗ, ತಟ್ಟನೆ ಹೊಳೆಯಿತು: ಒಂದೇ ಯಾಕೆ ಆರಿಸಬೇಕು? ಐದು ತಗೋ!

ಅದೇ ವಾರ ಐದು ಬೇರೆ ಬೇರೆ ಹೆಸರಿನ ಇಂಡೆಕ್ಸ್ ಫಂಡಿಗೆ ಸಮಪಾಲು ಹಾಕಿಬಿಟ್ಟೆ. ಪ್ರತಿ ತಿಂಗಳು ಮೊದಲ ತಾರೀಖು ಐದನ್ನೂ ತೂಗಿ ನೋಡಿ, ಹೆಚ್ಚಾದದ್ದರಿಂದ ತೆಗೆದು ಕಡಿಮೆಯಾದದ್ದಕ್ಕೆ ಹಾಕಬೇಕು ಎಂದು ನಿಯಮವನ್ನೂ ಬರೆದುಕೊಂಡೆ. ಹಗ್ಗಗಳ ಬಿಗಿ ಸಮ ಇದೆಯೋ ಇಲ್ಲವೋ ನೋಡುವ ಹಾಗೆ.

ಭಾನುವಾರ ಬೆಳಿಗ್ಗೆ ತಂಗಿ ಬಂದಾಗ ಐದು ಫಂಡಿನ ವಿವರದ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಬೀಗುತ್ತ ಕೂತೆ. ಅವಳು ಕನ್ನಡಕ ಏರಿಸಿದಳು. ಹೆಸರು ಓದಲಿಲ್ಲ, ಖರ್ಚು ನೋಡಲಿಲ್ಲ. ಐದೂ ಹಾಳೆಗಳನ್ನು ಮಗುಚಿ ಹಿಂಬದಿಯ ಸಣ್ಣ ಅಕ್ಷರಕ್ಕೆ ಬೆರಳಿಟ್ಟಳು. ಯಾವ ಫಂಡಿನಲ್ಲಿ ಯಾವ ಕಂಪನಿಗಳಿವೆ ಎಂಬ ಪಟ್ಟಿ ಅಲ್ಲಿತ್ತು.

"ಅಣ್ಣ, ನಮ್ಮ ಅಂಗಡಿಗೆ ಒಬ್ರು ಅಜ್ಜಿ ಬರ್ತಾರೆ. ಮಂಡಿ ನೋವಿಗೆ ಮೂರು ಡಾಕ್ಟ್ರ ಹತ್ರ ಮೂರು ಮಾತ್ರೆ ಬರೆಸ್ಕೊಂಡಿದ್ರು. ಮೂರೂ ಬೇರೆ ಬೇರೆ ಬಣ್ಣ. ಹಿಂದೆ ತಿರುಗಿಸಿ ನೋಡಿದ್ರೆ ಒಳಗಿರೋದು ಒಂದೇ ಔಷಧಿ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಓದ್ತೀನಿ ಕೇಳು." ಮೊದಲ ಹಾಳೆಯಿಂದ ಹತ್ತು ಕಂಪನಿಗಳ ಹೆಸರು ಓದಿದಳು. ಎರಡನೆಯದರಿಂದಲೂ ಹತ್ತು ಓದಿದಳು. ಅವೇ ಹತ್ತು, ಅದೇ ಸಾಲಿನಲ್ಲಿ. ಮೂರನೆಯದರಲ್ಲಿ ಒಂದು ಹೆಸರು ಮೇಲೆ ಕೆಳಗೆ ಆಗಿತ್ತು, ಅಷ್ಟೇ. ಐದನೆಯದಕ್ಕೆ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಸಾಹೇಬನಿಗೇ ಬಾಯಿಪಾಠವಾಗಿ, ಅವಳಿಗಿಂತ ಮೊದಲು ಹೆಸರು ಕೂಗುತ್ತಿದ್ದ.

ನನ್ನ ಕಿವಿ ಬಿಸಿಯಾಯಿತು. ಅಂಕಿಗಳನ್ನು ಒಂಬತ್ತು ತಿಂಗಳು ತಿರುವಿ ಹಾಕಿದ್ದೆ, ಹಾಳೆಯನ್ನು ಒಂದು ಸಲವೂ ತಿರುವಿ ಹಾಕಿರಲಿಲ್ಲ.

"ಹೋಗ್ಲಿ ಬಿಡು. ವಿಷ ಏನಲ್ಲ, ಔಷಧೀನೇ," ಎಂದಳು ತಂಗಿ. ನಗು ತಡೆದುಕೊಂಡಿದ್ದು ಕಾಣುತ್ತಿತ್ತು. "ಆದ್ರೆ ಪ್ರತಿ ತಿಂಗಳು ಇದನ್ನೆಲ್ಲ ತೂಗಿ ನೋಡೋದು ಯಾರು?"

"ನಾನು."

"ಆಮೇಲೆ?"

"ನೀನು."

"ನನಗೂ ನಲವತ್ತೇಳು ಕಣೋ. ಆಮೇಲೆ?"

ನನಗೆ ಸಿಟ್ಟು ಬಂತು. "ಬೆಳಿಗ್ಗೆ ಬೆಳಿಗ್ಗೆ ಅಪಶಕುನ ನುಡೀಬೇಡ. ಕಾಫಿ ಕುಡಿದು ಹೊರಡು," ಎಂದೆ. ಅವಳು ಕಾಫಿ ಕುಡಿಯದೆ ಹೊರಟಳು.

ಆಮೇಲಿನ ವಾರಗಳನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಎರಡು ಫಂಡು ಮಾರಿ ಬೇರೆ ಎರಡು ಕೊಂಡೆ. ಕೊಂಡ ಮೂರನೆಯ ದಿನಕ್ಕೆ ಅದರಲ್ಲೊಂದನ್ನು ಮಾರಿ ಮತ್ತೊಂದು ಕೊಂಡೆ. ಹಾಗಿರುವಾಗ ಪೇಟೆ ಬಿದ್ದಿತು. ಒಂದು ದಿನ ನೂರಕ್ಕೆ ಮೂರು, ಮರುದಿನ ನಾಲ್ಕು. ಐದೂ ಫಂಡುಗಳು ಒಟ್ಟೊಟ್ಟಿಗೆ, ಕೈ ಕೈ ಹಿಡಿದುಕೊಂಡು ಇಳಿದವು. ತಂಗಿಯ ಮಾತು ನಿಜವೆಂದು ಅವೇ ಸಾಕ್ಷಿ ಹೇಳಿದವು.

ಮೂರನೆಯ ದಿನ ಮಧ್ಯಾಹ್ನ ನಾನು ಅದೇ ಹನ್ನೊಂದು ಅಂತಸ್ತಿನ ಮೆಷಿನ್ ರೂಮಿನಲ್ಲಿದ್ದೆ. ಬ್ರೇಕಿನ ಕೆಲಸ ಮುಗಿದಿತ್ತು. ಫೋನು ತೆಗೆದೆ. ಎಲ್ಲ ಮಾರಿಬಿಡಲೇ? ಮಾರಿ, ಇನ್ನೂ ಬಿದ್ದ ಮೇಲೆ ಕೊಳ್ಳಲೇ? ಬೀಳದೆ ಎದ್ದುಬಿಟ್ಟರೆ? ಮಾರುವ ಗುಂಡಿಯ ತನಕ ಹೋಗುತ್ತಿದ್ದೆ, ಹಿಂದೆ ಬರುತ್ತಿದ್ದೆ. ಕೂತೆ, ಎದ್ದೆ, ಕಿಟಕಿ ತೆರೆದೆ, ಮುಚ್ಚಿದೆ. ಬೆರಳಿನ ಗ್ರೀಸು ಹತ್ತಿ ಫೋನಿನ ಗಾಜೆಲ್ಲ ಮಸುಕಾಯಿತು. ಶರ್ಟಿನ ತುದಿಯಿಂದ ಒರೆಸಿ ನೋಡಿದಾಗ ಗಂಟೆ ಕಂಡಿತು. ನಾಲ್ಕೂ ಮುಕ್ಕಾಲು.

ಸಾಹೇಬನ ಕೇಂದ್ರ ಇರುವುದು ಮೂರನೆಯ ಅಂತಸ್ತಿನಲ್ಲಿ. ನಾನು ಏದುಸಿರು ಬಿಡುತ್ತ ಹೋದಾಗ ನೆಲಮಟ್ಟದಲ್ಲಿ ಜನ ಗುಂಪು ಸೇರಿದ್ದರು. ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ಮೂಲೆಯಲ್ಲಿ ಸಾಹೇಬ ಮಂಡಿ ತಬ್ಬಿಕೊಂಡು ಕೂತು ಕಿರುಚುತ್ತಿದ್ದ. ಹೊರಗೆ ಒಬ್ಬ ಹುಡುಗಿ ಅಳುತ್ತಿದ್ದಳು. ಕೇಂದ್ರಕ್ಕೆ ಆ ವಾರ ಸೇರಿದ ಹೊಸ ಆಯಾ. ನಾನು ಬರಲಿಲ್ಲವೆಂದು ಅವಳೇ ಅವನನ್ನು ಕೆಳಗೆ ಕರೆತಂದಿದ್ದಳು.

"ನಾನೇನೂ ಮಾಡಿಲ್ಲ ಸರ್. ಲಿಫ್ಟು ನಿಂತ ಕೂಡ್ಲೆ 'ಬಂತಾ' ಅಂದ್ರು. ಬಾಗಿಲು ತೆಗೆದೇ ಇತ್ತಲ್ಲ, ಬನ್ನಿ ಅಂತ ಕೈ ಹಿಡಿದೆ. ಮತ್ತೆ 'ಬಂತಾ, ಬಂತಾ' ಅಂದ್ರು. ಆಮೇಲೆ ಕಿರುಚಕ್ಕೆ ಶುರು ಮಾಡಿದ್ರು. ಅರ್ಧ ಗಂಟೆ ಆಯ್ತು ಸರ್."

ನಾನು ಒಳಗೆ ಹೋಗಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅವನ ಗಂಟಲು ಕಟ್ಟಿತ್ತು. "ಬಂತಾ?" ಎಂದ.

"ಬಂತು," ಎಂದೆ.

ಅಷ್ಟೇ. ಎದ್ದ. ಶರ್ಟು ಎಳೆದು ಸರಿಮಾಡಿಕೊಂಡು ಸಾಹೇಬನ ಹಾಗೆಯೇ ಹೊರಗೆ ನಡೆದ. ಚಿಕ್ಕಂದಿನಿಂದ ಅವನಿಗೆ ಹಾಗೆಯೇ. ಯಾರಾದರೂ ಬಾಯಿಬಿಟ್ಟು ಬಂತು ಎನ್ನದ ಹೊರತು ಲಿಫ್ಟು ಬಂದಂತಲ್ಲ. ಅದು ನನಗೆ ಗೊತ್ತು, ತಂಗಿಗೆ ಗೊತ್ತು. ಜಗತ್ತಿನಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನಾವು ಯಾರಿಗೂ ಹೇಳಿರಲಿಲ್ಲ.

ಮನೆ ತಲುಪುವವರೆಗೂ ಸಾಹೇಬನ ಕೈ ಬಿಡಲಿಲ್ಲ. ತಂಗಿ ಕೇಳಿದ ಎರಡನೆಯ 'ಆಮೇಲೆ?'ಗೆ ಉತ್ತರ ಆ ಲಿಫ್ಟಿನ ಹೊರಗೆ ನಿಂತು ಅಳುತ್ತಿತ್ತು. ಅಂಥ ಒಬ್ಬಳು, ಅಥವಾ ಒಬ್ಬ. ಏನೂ ಗೊತ್ತಿಲ್ಲದವರು. ನಾನು ಒಂಬತ್ತು ತಿಂಗಳು ಕಷ್ಟಪಟ್ಟು ಕಟ್ಟಿದ್ದು, ನಾನು ಪಕ್ಕದಲ್ಲೇ ನಿಂತು ದಿನಾ ತಿರುಪು ಬಿಗಿಮಾಡುತ್ತಿದ್ದರೆ ಮಾತ್ರ ನಡೆಯುವ ಯಂತ್ರ. ಮೆಕ್ಯಾನಿಕ್ ನೆತ್ತಿಯ ಮೇಲೆ ಕಾವಲು ಕೂತಿದ್ದರೆ ಮಾತ್ರ ಓಡುವ ಲಿಫ್ಟನ್ನು ರಿಪೇರಿಯಾಗಿದೆ ಎಂದು ಯಾರಾದರೂ ಬರೆದುಕೊಟ್ಟರೆ ನಾನೇ ಅವನ ಕಪಾಳಕ್ಕೆ ಹೊಡೆಯುತ್ತಿದ್ದೆ. ಈ ದುಡ್ಡು ನಾನಿಲ್ಲದ ಕಾಲಕ್ಕೆ. ಅದನ್ನು ಒಪ್ಪಿಕೊಳ್ಳಲು ಹೆದರಿಯೇ ಸಾವಿರಕ್ಕೆ ಒಂದೋ ಒಂದೂಕಾಲೋ ಎಂದು ಒದ್ದಾಡುತ್ತಿದ್ದೆ. ಹೆದರಿದ್ದೆ, ಇನ್ನೂ ಹೆದರಿಕೆ ಇದೆ.

ಶನಿವಾರ ತಂಗಿಯ ಅಂಗಡಿಗೆ ನಾನೇ ಹೋದೆ. "ಕಾಫಿ ಬಾಕಿ ಇದೆ, ಬಾ," ಎಂದೆ. ಬಂದಳು. ಐದನ್ನೂ ಮಾರಿ ಏನೇನು ಇಟ್ಟುಕೊಳ್ಳಬೇಕು ಎಂದು ಒಂದು ಗಂಟೆಯಲ್ಲಿ ತೀರ್ಮಾನವಾಯಿತು. ಇಡೀ ಜಗತ್ತಿನ ಕಂಪನಿಗಳ ಪಟ್ಟಿ ಹಿಡಿದ ಇಂಡೆಕ್ಸ್ ಫಂಡು ಒಂದು, ಸರ್ಕಾರಿ ಬಾಂಡುಗಳ ಪಟ್ಟಿ ಹಿಡಿದದ್ದು ಒಂದು. ಈ ಸಲ ಎರಡೂ ಹಾಳೆಗಳನ್ನು ಮೊದಲು ತಿರುಗಿಸಿ ಹಿಂಬದಿ ಓದಿದೆವು. ಒಂದೇ ಒಂದು ಹೆಸರೂ ಎರಡರಲ್ಲಿ ಇರಲಿಲ್ಲ. ಇವಕ್ಕಿಂತ ಅಗ್ಗದ್ದು ಎಲ್ಲೋ ಇರಬಹುದು. ನೋಟ್‌ಬುಕ್ ತೆಗೆಯಲು ಕೈ ಹೋಯಿತು. ತಂಗಿ ಅದರ ಮೇಲೆ ಕಾಫಿ ಲೋಟ ಇಟ್ಟಳು.

ಮೆಷಿನ್ ರೂಮಿನ ಗೋಡೆಯ ಮೇಲೆ ಒಂದು ಕಾರ್ಡು ಇರುತ್ತದೆ. ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡರೆ, ಮೆಕ್ಯಾನಿಕ್ ಅಲ್ಲದವರೂ ಓದಿಕೊಂಡು ಅವರನ್ನು ಹೊರಗೆ ತರಬೇಕು: ಮೊದಲು ಈ ಸ್ವಿಚ್ಚು ಆರಿಸಿ, ಆಮೇಲೆ ಈ ಹಿಡಿ ಒತ್ತಿ, ಈ ಕಡೆ ತಿರುಗಿಸಿ. ಅಂಥದ್ದೊಂದು ಕಾರ್ಡು ಬರೆಯಲು ಕೂತೆ. ದುಡ್ಡಿನ ಭಾಗ ನಾಲ್ಕು ಸಾಲಿನಲ್ಲಿ ಮುಗಿಯಿತು. 'ಫಂಡು ಎರಡು. ವರ್ಷಕ್ಕೊಮ್ಮೆ, ಇವನ ಹುಟ್ಟುಹಬ್ಬದ ವಾರ ಮಾತ್ರ ತೆರೆದು ನೋಡಿ. ಆ ವರ್ಷದ ಫೀಸು ಬಾಂಡಿನದರಿಂದ ತೆಗೆಯಿರಿ, ಎರಡರ ಪಾಲು ಮತ್ತೆ ಸಮ ಮಾಡಿ. ಬಿದ್ದಿದ್ದರೆ ಗಾಬರಿಯಾಗಬೇಡಿ, ಮುಚ್ಚಿಡಿ.'

ಸಾಹೇಬನ ಭಾಗ ಮುಗಿಯಲೇ ಇಲ್ಲ. ಗುಂಡಿ ತಾನೇ ಹಾಕಿಕೊಳ್ಳುತ್ತಾನೆ, ಕಾಯಿರಿ. ತಲೆ ಸವರಿದರೆ ಆಗದು, ಬೆನ್ನು ತಟ್ಟಿದರೆ ಇಷ್ಟ. ನಗು ಬಂದಾಗ ಕಿವಿ ಮುಚ್ಚಿಕೊಳ್ಳುತ್ತಾನೆ, ನೋವಲ್ಲ. ತಂಗಿ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಒಂದು ಕಡೆ ಅವಳ ದನಿ ನಿಂತುಹೋಯಿತು. ನನ್ನ ಪೆನ್ನೂ ನಿಂತಿತು. ಸಾಹೇಬ ಇಬ್ಬರ ಮುಖವನ್ನೂ ನೋಡಿ ಆ ಹತ್ತು ಕಂಪನಿಗಳ ಹೆಸರು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಇಬ್ಬರೂ ನಕ್ಕೆವು.

ಸೋಮವಾರ ಬೆಳಿಗ್ಗೆ ಕೇಂದ್ರದ ನೆಲಮಟ್ಟದಲ್ಲಿ ಆ ಹೊಸ ಆಯಾಳ ಕೈಗೆ ಕಾರ್ಡಿನಲ್ಲಿ ಸಾಹೇಬನ ಭಾಗದ ಒಂದು ಪ್ರತಿ ಕೊಟ್ಟೆ. ಅವಳು ನಿಧಾನವಾಗಿ, ಬೆರಳಿಟ್ಟು, ಪೂರ್ತಿ ಓದಿದಳು. "ನೀವು ಬರಲ್ವಾ ಸರ್?" ಎಂದಳು.

"ಇಲ್ಲ. ನೀನೇ ಕರ್ಕೊಂಡು ಹೋಗಮ್ಮ."

ಬಾಗಿಲು ಮುಚ್ಚಿತು. ಸಾಹೇಬ ನನ್ನತ್ತ ನೋಡಿದ್ದು ಕಿರಿದಾಗುತ್ತಿದ್ದ ಸಂದಿಯಲ್ಲಿ ಕಂಡಿತು. ಜೇಬಿನಲ್ಲಿ ಫೋನಿತ್ತು, ಪೇಟೆ ತೆರೆಯುವ ಹೊತ್ತು. ಕೈ ತುರಿಸುತ್ತಿತ್ತು. ಎರಡೂ ಕೈಗಳನ್ನು ಕಟ್ಟಿಕೊಂಡು ಲಿಫ್ಟಿನ ಬಾಗಿಲಿಗೆ ಕಿವಿಕೊಟ್ಟು ನಿಂತೆ. ಒಂದು, ಎರಡು, ಮೂರು. ಮೇಲೆ ಬ್ರೇಕು ಕಚ್ಚಿದ ಸದ್ದಾಯಿತು.

"ಬಂತಾ?"

ನಾನು ಬಾಯಿ ತೆರೆದಿದ್ದೆ, ಕೆಳಗಿನಿಂದಲೇ ಕೂಗಲು ಉಸಿರು ಎಳೆದುಕೊಂಡಿದ್ದೆ.

"ಬಂತು," ಎಂದಳು ಆ ಹುಡುಗಿ.

ಅವನ ಹೆಜ್ಜೆಗಳು ಹೊರಗೆ ನಡೆದವು. ನೆಮ್ಮದಿಯಾಯಿತು, ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಖಾಲಿ ಲಿಫ್ಟು ಕೆಳಗೆ ಬಂದು ನನ್ನೆದುರು ಬಾಗಿಲು ತೆರೆಯಿತು. ನಾನು ಹತ್ತಲಿಲ್ಲ, ಕೆಲಸಕ್ಕೆ ಹೋದೆ.