ಅಭ್ಯಾಸ ಇದ್ದವರ ಕೋಣೆ

ಆಸ್ಪತ್ರೆಯ ಲಾಂಡ್ರಿಗೆ ಎರಡು ಬಾಗಿಲು. ಮುಂದಿನ ಬಾಗಿಲಿನಿಂದ ಒಗೆದು ಇಸ್ತ್ರಿ ಮಾಡಿದ ಹಾಸುಹೊದಿಕೆಗಳು ಹೊರಗೆ ಹೋಗುತ್ತಿದ್ದವು. ಹಿಂದಿನ ಬಾಗಿಲಿನಿಂದ ಕೆಂಪು ಚೀಲಗಳು ಒಳಗೆ ಬರುತ್ತಿದ್ದವು. ರಕ್ತ, ಕೀವು, ಮಲ ಮೆತ್ತಿದ ಬಟ್ಟೆಯ ಚೀಲಗಳು. ಮೆಷಿನ್ನಿಗೆ ಹಾಕುವ ಮೊದಲು ಅವನ್ನು ಬಿಚ್ಚಿ, ಒಂದೊಂದೇ ಬಟ್ಟೆ ಕೊಡವಿ, ಮಡಿಕೆಯಲ್ಲಿ ಉಳಿದ ಸೂಜಿ, ಬ್ಲೇಡುಗಳನ್ನು ಆರಿಸಿ ತೆಗೆಯಬೇಕು. ಆ ಹಿಂದಿನ ಕೋಣೆಯಲ್ಲಿ ಐದು ಜನ ಹೆಂಗಸರು. ಐವರೂ ಹೊಳೆಯಾಚೆಯವರು. ಹೀಗೇ ಇರಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಬರೆದಿಡುವಷ್ಟು ದಡ್ಡರು ಯಾರಿದ್ದಾರೆ? ಹೊಳೆಯಾಚೆಯಿಂದ ಯಾರೇ ಕೆಲಸ ಕೇಳಿಕೊಂಡು ಬರಲಿ, ಮೇಸ್ತ್ರಿ "ನಿಮ್ಮೋರಿಗೆ ಅಭ್ಯಾಸ ಇದೆಯಲ್ಲ" ಎಂದು ಹಿಂದಿನ ಬಾಗಿಲು ತೋರಿಸುತ್ತಿದ್ದ, ಅಷ್ಟೇ.

ಆ ಐವರಲ್ಲಿ ಹಿರಿಯಳನ್ನು ಎಲ್ಲರೂ ಚೀಲದಕ್ಕ ಎಂದೇ ಕರೆಯುತ್ತಿದ್ದರು. ಹನ್ನೆರಡು ವರ್ಷದಲ್ಲಿ ಎರಡು ಸಲ ಅವಳ ಬೆರಳಿಗೆ ಸೂಜಿ ಚುಚ್ಚಿತ್ತು. ಎರಡು ಸಲವೂ ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೆ ಮಕ್ಕಳನ್ನು ಮುಟ್ಟಲೂ ಹೆದರಿ, ಜೀವ ಕೈಯಲ್ಲಿ ಹಿಡಿದು ದಿನ ದೂಡಿದ್ದಳು. ಅದನ್ನೆಲ್ಲ ನುಂಗಿಕೊಂಡಿದ್ದಳು. ಆದರೆ ಇವತ್ತು ಅವಳ ತಂಗಿ ಕೆಲಸಕ್ಕೆ ಸೇರಿದ್ದಳು. ಇಸ್ತ್ರಿ ಮೆಷಿನ್ ಕಲಿತು, ಸರ್ಟಿಫಿಕೇಟು ಹಿಡಿದು ಬಂದ ಹುಡುಗಿ. ಮೇಸ್ತ್ರಿ ಸರ್ಟಿಫಿಕೇಟನ್ನು ತಿರುಗಿಸಿಯೂ ನೋಡದೆ, "ಮಧ್ಯಾಹ್ನದಿಂದ ಅಕ್ಕನ ಜೊತೆ ಹಿಂದಕ್ಕೆ ಹೋಗು" ಎಂದಿದ್ದ.

ಚೀಲದಕ್ಕ ಸೀದಾ ಬಾಯ್ಲರ್ ಅಣ್ಣನ ಹತ್ತಿರ ಹೋದಳು. ಬಾಯ್ಲರ್ ನೋಡಿಕೊಳ್ಳುವ ಅವನೇ ಕಾರ್ಮಿಕರ ಸಂಘದ ಮುಖಂಡ. ಕೆಟ್ಟವನೇನಲ್ಲ. ಉಗಿಯಲ್ಲಿ ಬೆಂದ ಅವನ ಎಡಗೈ ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು. ನಾಳೆ ಆಡಳಿತದವರಿಗೆ ಕೊಡಬೇಕಾದ ಬೇಡಿಕೆಗಳ ಪಟ್ಟಿಯನ್ನು ಅವನು ತಿದ್ದುತ್ತಾ ಕುಳಿತಿದ್ದ.

"ಅಣ್ಣಾ, ಒಂದು ಮಾತು ಸೇರಿಸ್ಕೊಳ್ಳಿ. ಹಿಂದಿನ ಕೋಣೆಗೆ ಎಲ್ಲರೂ ಸರದಿ ಮೇಲೆ ಹೋಗ್ಲಿ. ಬರೀ ನಮ್ಮೋರನ್ನೇ ಯಾಕೆ ಹಾಕ್ತಾರೆ?"

"ಎಲ್ಲರಿಗೂ ಕೈಗವಸು ಬೇಕು ಅಂತ ಬರ್ದಿದೀನಲ್ಲಮ್ಮ."

"ಕೈಗವಸಿನ ಮಾತಲ್ಲ ಅಣ್ಣ. ಯಾರ ಕೈ ಅನ್ನೋದು ಮಾತು."

ಅವನು ಪೆನ್ನು ಕೆಳಗಿಟ್ಟ. ಮಕ್ಕಳಿಗೆ ತಿಳಿಹೇಳುವ ಧಾಟಿಯಲ್ಲಿ, "ನೋಡು, ನೀನು ಆಚೆಯೋಳು, ನಾನು ಈಚೆಯೋನು ಅಂತ ಶುರು ಮಾಡಿದ್ರೆ ಮೇಲಿನೋರಿಗೆ ಹಬ್ಬ. ನಿಜವಾದ ಶೋಷಣೆ ಅಂದ್ರೆ ಹೊಟ್ಟೆದು. ಹೊಟ್ಟೆಗೆ ಆಚೆ ಈಚೆ ಇದೆಯಾ? ಮೊದಲು ಅದು ಮುಗೀಲಿ, ಆಮೇಲೆ ನಿಂದು ನೋಡೋಣ. ನಾವೆಲ್ಲ ಒಂದೇ ಕಣಮ್ಮ" ಎಂದ.

ಮಾತು ಚೆನ್ನಾಗಿತ್ತು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿತ್ತು. ಆದರೆ ಈ 'ಆಮೇಲೆ' ಎನ್ನುವುದು ಹನ್ನೆರಡು ವರ್ಷದಿಂದ ಬಂದೇ ಇರಲಿಲ್ಲ. ಚೀಲದಕ್ಕನಿಗೆ ಮೈಯೆಲ್ಲ ಉರಿಯಿತು.

ಹತ್ತು ಗಂಟೆಗೆ ಆಡಳಿತದವರು ಕಳಿಸಿದ ತರಬೇತಿಯ ಮೇಡಂ ಬಂದರು. ಭೇದಭಾವ ಅಂದರೇನೆಂದು ಕಲಿಸಲು ಬಂದವರು. ಇಸ್ತ್ರಿ ಹಾಲಿನಲ್ಲಿ ಮೇಜುಗಳನ್ನು ಬದಿಗೆ ಸರಿಸಿ, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಮೇಡಂ ಒಂದೊಂದು ಪ್ರಶ್ನೆ ಓದುವುದು, ಹೌದು ಅನ್ನುವವರು ಒಂದು ಹೆಜ್ಜೆ ಹಿಂದೆ ಸರಿಯುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

"ನಿಮ್ಮ ಮಾತಿನ ರಾಗ ಕೇಳಿ ಯಾರಾದರೂ ನಕ್ಕಿದ್ದಾರಾ?"

ಹೊಳೆಯಾಚೆಯವರು ಹಿಂದೆ ಸರಿದರು. ಉಗ್ರಾಣದ ಗುಮಾಸ್ತನೂ ಸರಿದ. "ನನ್ನ ಬೋಳುತಲೆ ನೋಡಿ ನಗ್ತಾರೆ ಮೇಡಂ, ಅದೂ ಶೋಷಣೆ ಅಲ್ವಾ?" ಎಂದ. ಅಲ್ಲ ಎಂದು ಒಬ್ಬ, ಹೌದು ಎಂದು ಇನ್ನೊಬ್ಬ. ಗಂಡಸರಿಗೂ ಕಷ್ಟ ಇದೆ ಎಂದು ಮತ್ತೊಬ್ಬ. ಯಾರದು ನಿಜವಾದ ನೋವು, ಯಾರದು ಪೊಳ್ಳು ಎಂದು ಕಾಲು ಗಂಟೆ ಸಂತೆ ನಡೆಯಿತು. ಮೇಡಂ ಎಲ್ಲರ ನೋವನ್ನೂ ಗೌರವಿಸಬೇಕು ಎಂದು ಬೋಳುತಲೆಯನ್ನೂ ಗೌರವಿಸಿದರು.

"ನಿಮ್ಮ ಜಾಗದ ಹೆಸರು ಹೇಳಿದ್ದಕ್ಕೆ ಬಾಡಿಗೆ ಮನೆ ತಪ್ಪಿದೆಯಾ?" ಮತ್ತೆ ಒಂದು ಹೆಜ್ಜೆ. ಪ್ರಶ್ನೆಗಳೆಲ್ಲ ಮುಗಿಯುವ ಹೊತ್ತಿಗೆ ಚೀಲದಕ್ಕನ ಬೆನ್ನು ಗೋಡೆಗೆ ತಾಗಿತ್ತು. ಮೇಡಂ ಕಣ್ಣೊರೆಸಿಕೊಂಡು, "ಇವರಿಗೆ ಚಪ್ಪಾಳೆ ತಟ್ಟಿ" ಎಂದರು. ಎಲ್ಲರೂ ತಟ್ಟಿದರು. ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ತಟ್ಟಿದ. ಗಾಯ ತೋರಿಸಿದ್ದಕ್ಕೆ ಔಷಧಿ ಬಿಟ್ಟು ಚಪ್ಪಾಳೆ ಕೊಡುವವರನ್ನು ಚೀಲದಕ್ಕ ಅವತ್ತೇ ನೋಡಿದ್ದು.

"ಮೇಡಂ, ನಾನೊಂದು ಪ್ರಶ್ನೆ ಕೇಳ್ಲಾ?"

"ಖಂಡಿತ, ಖಂಡಿತ."

"ಎಲ್ಲರೂ ಮೊದಲಿನ ಸಾಲಿಗೆ ಬನ್ನಿ." ಅವಳು ಗೋಡೆ ಬಿಟ್ಟು ಮುಂದೆ ಬಂದಳು. "ಆ ಹಿಂದಿನ ಕೋಣೇಲಿ ಒಂದು ದಿನವೂ ಕೆಲಸ ಮಾಡದೋರು ಒಂದು ಹೆಜ್ಜೆ ಮುಂದೆ ಹೋಗಿ."

ಸಾಲೆಲ್ಲ ಮುಂದೆ ಹೋಯಿತು. ಬಾಯ್ಲರ್ ಅಣ್ಣನೂ ಹೋದ. ಐವರು ಹೆಂಗಸರು ನಿಂತಲ್ಲೇ ನಿಂತರು. ತಂಗಿ ಇನ್ನೂ ಆ ಬಾಗಿಲು ದಾಟಿರಲಿಲ್ಲವಲ್ಲ, ಅವಳೂ ಮುಂದೆ ಹೋಗಲು ಕಾಲೆತ್ತಿದಳು.

"ಏಯ್, ನೀನು ಅಲ್ಲೇ ನಿಲ್ಲೇ!" ಎಂದ ಮೇಸ್ತ್ರಿ.

ಮೇಸ್ತ್ರಿಗೆ ತಾನೇನು ಅಂದೆ ಎಂದು ಆಮೇಲೆ ಹೊಳೆಯಿತು. ಮೇಡಂ ಕೈಯಲ್ಲಿದ್ದ ಕಾಗದ ತಿರುವಿಹಾಕಿದರು.

"ಕೇಳಿಸ್ತಾ ಅಣ್ಣ?" ಎಂದಳು ಚೀಲದಕ್ಕ. "ಇವಳು ಇನ್ನೂ ಒಂದು ಚೀಲ ಮುಟ್ಟಿಲ್ಲ. ಆದ್ರೂ ಇವಳ ಜಾಗ ಯಾವುದು ಅಂತ ಮೇಸ್ತ್ರಿಗೆ ಗೊತ್ತು. ಇದೂ ಹೊಟ್ಟೆ ವಿಷ್ಯಾನಾ?"

ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಗಾಡಿ ಬಂದು ನಿಂತಿತು. ಇಪ್ಪತ್ತು ಕೆಂಪು ಚೀಲ. ಹೋಗಿ ಎಂದು ಮೇಸ್ತ್ರಿ ಹೊಳೆಯಾಚೆಯವರತ್ತ ಕೈಬೀಸಿದ. ಚೀಲದಕ್ಕ ತಂಗಿಯ ಮುಂಗೈ ಹಿಡಿದುಕೊಂಡು ಇಸ್ತ್ರಿ ಮೇಜಿನ ಮುಂದೆ ಕುಳಿತಳು. ಉಳಿದ ನಾಲ್ವರೂ ಬಂದು ಪಕ್ಕದಲ್ಲಿ ಕುಳಿತರು.

"ಇವತ್ತು ಬೇರೆಯೋರು ಹೋಗ್ಲಿ."

"ಕೆಲಸದಿಂದ ತೆಗೆದುಹಾಕ್ತೀನಿ!"

"ತೆಗೀರಿ. ಇವಳಂತೂ ಆ ಬಾಗಿಲು ದಾಟಲ್ಲ."

ಬಾಯ್ಲರ್ ಅಣ್ಣ ರಾಜಿಗೆ ಬಂದ. "ಹಟ ಮಾಡ್ಬೇಡ ಕಣಮ್ಮ. ಆಪರೇಷನ್ ನಿಂತುಹೋಗತ್ತೆ. ನಮ್ಮೋರಿಗೆ ಅದು ಅಭ್ಯಾಸ ಇಲ್ಲ..."

ಮಾತು ಬಾಯಿಂದ ಜಾರಿತ್ತು. ನಾವೆಲ್ಲ ಒಂದೇ ಎಂದು ಬೆಳಿಗ್ಗೆಯಷ್ಟೇ ಹೇಳಿದ ಬಾಯಿ ಅದು.

"ನಮಗೇನು ಹುಟ್ಟುವಾಗಲೇ ಅಭ್ಯಾಸ ಇತ್ತಾ?" ಚೀಲದಕ್ಕ ಕಿರುಚಿದಳು. ಹನ್ನೆರಡು ವರ್ಷದಲ್ಲಿ ಆ ಹಾಲಿನಲ್ಲಿ ಅವಳು ದನಿ ಏರಿಸಿದ್ದು ಅದೇ ಮೊದಲು. "ನೀವು ಹೋಗಿ ಅಣ್ಣ. ಒಂದೇ ಒಂದು ಚೀಲ ಬಿಚ್ಚಿ ಬನ್ನಿ. ಆಮೇಲೆ ಯಾವುದು ನಿಜ, ಯಾವುದು ಸುಳ್ಳು ಅಂತ ನೀವೇ ಹೇಳಿ, ನಾವು ಕೇಳ್ತೀವಿ."

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನಿಗೆ ಮಾನ ಇತ್ತು, ಹೋದ. ಹಿಂದಿನ ಕೋಣೆಯ ಬಾಗಿಲು ಮುಚ್ಚಿತು. ಐದು ನಿಮಿಷವಾಯಿತು, ಹತ್ತಾಯಿತು. ಹಾಲಿನಲ್ಲಿ ಯಾರೂ ಮೆಷಿನ್ ಹಾಕಲಿಲ್ಲ.

ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಗವಸು ಕಿತ್ತು, ಬಾಗಿಲ ಪಕ್ಕದ ನಲ್ಲಿಯ ಕೆಳಗೆ ಬಗ್ಗಿ ವಾಂತಿ ಮಾಡಿದ, ಬಾಯಿ ತೊಳೆದ, ಬೆರಳುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿಕೊಂಡ. ಆಮೇಲೆ ಚೀಲದಕ್ಕನ ಮುಂದೆ ಬಂದು ನಿಂತ. ಅವನ ಕಣ್ಣಲ್ಲಿ ನೀರಿತ್ತು, ಅದೇನೂ ನಾಟಕವಾಗಿರಲಿಲ್ಲ.

"ನೀನು ಹೇಳಿದ್ದು ಸರಿ ಕಣಮ್ಮ," ಎಂದ. "ಅದು ಮನುಷ್ಯರು ಮಾಡೋ ಕೆಲಸ ಅಲ್ಲ."

ಚೀಲದಕ್ಕ ತಂಗಿಯ ಕೈ ಬಿಡದೆ ಎದ್ದು ನಿಂತಳು.

"ಹಾಗಾದ್ರೆ ಇಷ್ಟು ವರ್ಷ ನಮ್ಮನ್ನ ಏನು ಅಂದ್ಕೊಂಡಿದ್ರಿ, ಅಣ್ಣ?"