ಛಾವಣಿಯ ಮೇಲಿನ ಸದ್ದು

“ನಿಧಾನ, ಎಡಗಡೆಯವರು ಸ್ವಲ್ಪ ತಗ್ಗಿಸಿ,” ಎಂದು ಸಿರಿಲ್ ಹೇಳುತ್ತಿದ್ದಂತೆ ನಾಲ್ವರು ಶವಪೆಟ್ಟಿಗೆಯನ್ನು ದೋಣಿಯ ಮೂತಿಯ ಮೇಲೆ ಇಳಿಸಿದರು. ದೋಣಿ ಎರಡು ಬೆರಳಷ್ಟು ತಗ್ಗಿತು.

“ಅಕ್ಕ ಇಷ್ಟು ಭಾರ ಇರ್ಲಿಲ್ಲ,” ಎಂದಳು ಆಡ್ರಿ, ಸತ್ತ ಹೆಟ್ಟಿಯ ತಂಗಿ. “ಇದೆಲ್ಲ ಮರದ ಭಾರ. ಬೆಣ್ಣೆ ಹಚ್ಕೊಂಡು ತಿನ್ನೇ ಅಂದ್ರೆ ಒಣ ಬ್ರೆಡ್ಡೇ ತಿಂತಿದ್ಲು.” ಹೇಳುತ್ತಲೇ ಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಕೂತಳು.

ಆ ಬೇಸಿಗೆ ಹನಿ ಮಳೆ ಬಿದ್ದಿರಲಿಲ್ಲ. ಕಾಲುವೆ ಇಳಿದು ಎರಡೂ ದಡದ ಕಪ್ಪು ಕೆಸರು ಕಾಣುತ್ತಿತ್ತು. ಸತ್ತ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ಜೊಂಡಿನಲ್ಲಿ ಸಿಕ್ಕಿಕೊಂಡಿದ್ದವು. ಅಷ್ಟು ಮೀನಿದ್ದರೂ ಒಂದು ಕೊಕ್ಕರೆಯೂ ಬಂದಿರಲಿಲ್ಲ.

“ಮೂರು ಗಂಟೆಗೆ ಲಾಕಿನ ಕದಕ್ಕೆ ಸರಪಳಿ ಹಾಕ್ತೀನಿ,” ಎಂದ ಸಿರಿಲ್. ದೋಣಿಗಳನ್ನು ಮೇಲಿನ ಕಾಲುವೆಯಿಂದ ಕೆಳಗಿನದಕ್ಕೆ ಇಳಿಸುವ, ಎರಡು ಕದದ ಆ ಕಲ್ಲಿನ ತೊಟ್ಟಿಯನ್ನು ಕಾಯುವವನು ಅವನೇ. “ಇರೋ ನೀರಲ್ಲಿ ಒಂದೇ ದೋಣಿ ಇಳಿಸಬಹುದು. ಅದು ಹೆಟ್ಟೀದು.”

ಕೆಳಗಿನ ಚರ್ಚಿನ ಹಿತ್ತಲಲ್ಲಿ ಗುಂಡಿ ತೋಡಿ ಆಗಿತ್ತು. ಕಾರಿನಲ್ಲಿ ಹತ್ತು ನಿಮಿಷದ ದಾರಿ. ಆದರೆ ನನ್ನನ್ನು ಕಾರಿಗೆ ಹಾಕಬೇಡಿ ಎಂದು ಹೆಟ್ಟಿ ಹೇಳಿ ಸತ್ತಿದ್ದಳು.

“ಅಪ್ಪ, ಚುಕ್ಕಾಣಿ ನಾನು ಹಿಡೀಲಾ?” ಎಂದು ಮಗಳು ಥೆಲ್ಮಾ ಕೇಳಿದಳು.

“ನಿಮ್ಮಮ್ಮನ್ನ ಐವತ್ತು ಬೇಸಿಗೆ ನಾನೇ ಕರ್ಕೊಂಡು ಹೋಗಿದೀನಿ,” ಎಂದ ಕ್ಲೆಮ್, ದೋಣಿಯ ಹಿಂದುಗಡೆ ನಿಂತು. ನೀರಿಗೆ ಬಿದ್ದರೆ ತೇಲಲೆಂದು ಬೆಂಡಿನ ಉಂಡೆ ಕಟ್ಟಿದ ಕೀಲಿಯನ್ನು ತಡವಿ ಹಾಕಿ ತಿರುಗಿಸಿದ. ಎಂಜಿನ್ ಕೆಮ್ಮಿ ಎದ್ದಿತು.

*

ನಾಲ್ಕು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ, ನಿಚ್ಚಳ ಬೆಳಕಿನಲ್ಲಿ, ದಡಕ್ಕೆ ಕಟ್ಟಿದ್ದ ಬೇರೊಬ್ಬರ ದೋಣಿಯ ಮೇಲೆ ಕ್ಲೆಮ್ ತನ್ನ ದೋಣಿಯನ್ನು ನೆಟ್ಟಗೆ ನುಗ್ಗಿಸುತ್ತಿದ್ದ. ಹೆಟ್ಟಿ ಕೂಗಿಕೊಂಡದ್ದಕ್ಕೆ ತಪ್ಪಿತು. ಅವಳು ಬಂದು ಅವನ ಮುಖದ ಮುಂದೆ ಕೈ ಹಿಡಿದಳು.

“ಎಷ್ಟು ಬೆರಳು?”

“ಮೂರು.”

ಅವಳು ಮುಷ್ಟಿ ಹಿಡಿದಿದ್ದಳು. ಅಂಚಿನಲ್ಲಿ ಬೆಳಕಿದೆ, ನಡುವೆ ಮಸಿ ಬಳಿದ ಹಾಗಿದೆ ಎಂದು ಅವನು ಆಮೇಲೆ ಒಪ್ಪಿಕೊಂಡ.

“ಥೆಲ್ಮಾಗೆ ಗೊತ್ತಾದ್ರೆ ನಿನ್ನನ್ನ ಅವಳ ಮೂರನೇ ಮಹಡಿ ಮನೇಲಿ ಕೂರಿಸ್ತಾಳೆ,” ಎಂದಳು ಹೆಟ್ಟಿ. “ಅಲ್ಲಿ ಒಂದು ಚಳಿಗಾಲ ನೀನು ಬಾಳಲ್ಲ.”

ಲಾಕಿನ ತೂಬು ಎತ್ತುವ ಕಬ್ಬಿಣದ ಹ್ಯಾಂಡಲನ್ನು ಸೊಂಟದಿಂದ ತೆಗೆದುಕೊಂಡು ಮುಂದೆ ಹೋಗಿ ಕೂತಳು. ದೋಣಿಯ ಕೋಣೆಯ ಛಾವಣಿಯ ತಗಡಿನ ಮೇಲೆ ಅದರಿಂದ ಒಂದು ಸಲ ತಟ್ಟಿದಳು. ಒಂದೆಂದರೆ ಎಡಕ್ಕೆ, ಎರಡೆಂದರೆ ಬಲಕ್ಕೆ. ಅವತ್ತಿನಿಂದ ನಾಲ್ಕು ಬೇಸಿಗೆ ಅವರು ಹಾಗೆಯೇ ಊರೂರು ತಿರುಗಿದರು. ಮುದುಕಿಗೆ ಹಾಡಿನ ಹುಚ್ಚು, ತಾಳ ಹಾಕುತ್ತಾಳೆ ಎಂದು ದಡದವರು ನಗುತ್ತಿದ್ದರು.

*

ಲಾಕಿನ ತನಕ ಕಾಲುವೆ ನೇರ. ಮೇಲಿನ ಕದ ದಾಟಿ ದೋಣಿ ಕಲ್ಲಿನ ಇಕ್ಕಟ್ಟು ತೊಟ್ಟಿಯೊಳಗೆ ನಿಂತಿತು. ಹಿಂದೆ ಕದ ಮುಚ್ಚಿದರು. ಆ ಕದದ ಬುಡದಲ್ಲಿ, ನೀರಿನ ಅಡಿಗೆ, ಕಲ್ಲಿನ ಹೊಸ್ತಿಲು ಒಳಕ್ಕೆ ಚಾಚಿದೆ. ಅದು ಎಲ್ಲಿಯತನಕ ಇದೆ ಎಂದು ಗೋಡೆಗೆ ಬಿಳಿ ಗೆರೆ ಎಳೆದಿದ್ದಾರೆ. ದೋಣಿಯ ಹಿಂಭಾಗ ಆ ಗೆರೆ ದಾಟಿ ಮುಂದಿರಬೇಕು. ಪ್ರತಿ ಸಲವೂ ಗೆರೆಯ ಹತ್ತಿರ ನಿಂತು ನೋಡುತ್ತಿದ್ದವಳು ಹೆಟ್ಟಿ.

ಇವತ್ತು ಅಲ್ಲಿ ಯಾರೂ ನಿಲ್ಲಲಿಲ್ಲ. ಮಗಳು ನೋಡಿರುತ್ತಾಳೆ ಎಂದು ಸಿರಿಲ್ ಎಣಿಸಿದ. ಚುಕ್ಕಾಣಿ ಹಿಡಿದ ಅಪ್ಪನಿಗೆ ಮಾರು ದೂರದ ಗೆರೆ ಕಾಣದೇ ಎಂದು ಥೆಲ್ಮಾ ಎಣಿಸಿದಳು. ಇಬ್ಬರೂ ಕೆಳಗಿನ ಕದದ ಹತ್ತಿರ ಹೋಗಿ ತೂಬು ಎತ್ತಿದರು. ನೀರು ಭೋರೆಂದು ಹೊರಟಿತು.

ಕ್ಲೆಮ್ ಕಿವಿಗೊಟ್ಟು ನಿಂತಿದ್ದ. ತಗಡಿನ ಮೇಲೆ ಸದ್ದಿಲ್ಲ.

ಒದ್ದೆ ಗೋಡೆ ಎರಡೂ ಕಡೆ ಎತ್ತರವಾಗುತ್ತ ಹೋಯಿತು. ಆಮೇಲೆ ಎಲ್ಲೋ ಅಡಿಯಲ್ಲಿ ಕಬ್ಬಿಣ ಕಲ್ಲಿಗೆ ಉಜ್ಜಿತು. ಹಿಂದಿನ ಭಾಗ ಹೊಸ್ತಿಲ ಮೇಲೆ ಕೂತುಬಿಟ್ಟಿತ್ತು. ನೀರಿನ ಜೊತೆ ಮೂತಿ ಮಾತ್ರ ಇಳಿಯತೊಡಗಿತು.

“ಥೆಲ್ಮಾ,” ಎಂದಳು ಆಡ್ರಿ, ಎರಡೂ ಕೈಯಲ್ಲಿ ಪೆಟ್ಟಿಗೆ ತಬ್ಬಿಕೊಂಡು. “ನಿಮ್ಮಮ್ಮ ಜಾರ್ತಿದಾಳೆ.”

ಮೂತಿಯ ಅಂಚಿಗೆ ನೀರು ಗೇಣು ದೂರವಿತ್ತು.

“ತೂಬು ಮುಚ್ಚು,” ಎಂದು ಸಿರಿಲ್ ತನ್ನ ಕಡೆಯದನ್ನು ಕೆಡವಿ ಮೇಲಿನ ಕದಕ್ಕೆ ಓಡಿದ. ಎಪ್ಪತ್ತರ ಮನುಷ್ಯ. ಅಲ್ಲಿಯ ತೂಬು ಎತ್ತಿ ನೀರು ಒಳಗೆ ಬಿಟ್ಟ. ದೋಣಿ ನರಳುತ್ತ ಮೆಲ್ಲಗೆ ಎದ್ದು ಮಟ್ಟಕ್ಕೆ ಬಂತು.

ಥೆಲ್ಮಾ ಬಂದು ಗೋಡೆಯ ಗೆರೆ ನೋಡಿದಳು, ಅಪ್ಪನ ಕಣ್ಣು ನೋಡಿದಳು.

“ಎಷ್ಟು ಬೆರಳಪ್ಪ ಇದು?”

“ನಿಮ್ಮಮ್ಮನೂ ಹಿಂಗೇ ಕೇಳಿದ್ಲು. ಅವತ್ತು ಸುಳ್ಳು ಹೇಳ್ದೆ.” ಅವನು ಮುಖ ತಗ್ಗಿಸಿದ. “ಇವತ್ತು ಬೇಡ.”

“ಅಮ್ಮನಿಗೆ ಗೊತ್ತಿತ್ತಾ? ಹಾಗಾದ್ರೆ ಆ ತಾಳ...”

“ತಾಳ ಅಲ್ಲ. ಒಂದು ಎಡಕ್ಕೆ, ಎರಡು ಬಲಕ್ಕೆ.”

“ಕೀಲಿ ಕೊಡು.”

“ಚರ್ಚಿನ ತನಕ ಬಿಡು. ಆಮೇಲೆ ನೀನು ಕೇಳೋದೇ ಬೇಡ.”

ಅವಳು ತೂಬಿನ ಹ್ಯಾಂಡಲನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಕೊನೆಗೆ ಕೇಳಿದಳು, “ಮೂರು ಸಲ ಇರ್ಲಿಲ್ವಾ?”

“ಮೂರು ತಟ್ಟಿದ್ರೆ ಚಹಾ ಆಗಿದೆ ಅಂತ.”

ಈ ಸಲ ಸಿರಿಲ್ ಗೆರೆಯ ಹತ್ತಿರವೇ ನಿಂತ. ದೋಣಿ ಇಳಿಯಿತು. ಥೆಲ್ಮಾ ಅಮ್ಮನ ತಲೆಯ ಪಕ್ಕ ಕೂತು ಚರ್ಚಿನ ತನಕ ತಗಡು ತಟ್ಟಿದಳು. ಎರಡು ಸಲ ತಪ್ಪಾಗಿ ತಟ್ಟಿ ಜೊಂಡಿಗೆ ನುಗ್ಗಿಸಿದಳು. “ನಿಮ್ಮಮ್ಮನಿಗೂ ಮೊದಮೊದಲು ಹಿಂಗೇ,” ಎಂದು ಕ್ಲೆಮ್ ಹಿಂದಿನಿಂದ ಹೇಳಿದ. ದಡ ಮುಟ್ಟಿದ ಮೇಲೆ ಎಂಜಿನ್ ಆರಿಸಿ, ಬೆಂಡಿನ ಉಂಡೆಯ ಸಮೇತ ಕೀಲಿಯನ್ನು ಅವಳ ಅಂಗೈಗೆ ಹಾಕಿದ.

ಅವರ ಬೆನ್ನ ಹಿಂದೆ, ಮೇಲೆ, ಲಾಕಿನ ಕದಕ್ಕೆ ಸಿರಿಲ್ ಸರಪಳಿ ಬಿಗಿಯುವ ಸದ್ದು ಕೇಳಿಸಿತು.

ಪಾದ್ರಿಯ ಮಾತು ಮುಗಿಯಿತು. ಒಣಗಿದ ಮಣ್ಣು ಕಲ್ಲಿನ ಹಾಗೆ ಹೆಂಟೆಯಾಗಿತ್ತು. ಆಡ್ರಿ ಒಂದು ಹೆಂಟೆ ಎತ್ತಿ ಗುಂಡಿಗೆ ಬಿಟ್ಟಳು. ಮುಚ್ಚಳದ ಮೇಲೆ ಅದು ಟಕ್ಕೆಂದು ಬಿತ್ತು.

ಕ್ಲೆಮ್‌ನ ಕೈ ಬಲಕ್ಕೆ ಸರಿಯಿತು. ಅಲ್ಲಿಲ್ಲದ ಚುಕ್ಕಾಣಿಯನ್ನು ಬಲಕ್ಕೆ ಒತ್ತಿ, ಇಲ್ಲದ ದೋಣಿಯನ್ನು ಎಡಕ್ಕೆ ತಿರುಗಿಸುತ್ತಿದ್ದ.

ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಥೆಲ್ಮಾ ನೋಡಿದಳು. ಒಂದು ಕೈಯಲ್ಲಿ ಕೀಲಿ ಹಾಗೇ ಇತ್ತು. ಬಗ್ಗಿ ಇನ್ನೊಂದು ಕೈಯಿಂದ ಸಣ್ಣ ಹೆಂಟೆಗಳನ್ನು ಆರಿಸಿಕೊಂಡಳು. ಒಂದನ್ನು ಬಿಟ್ಟಳು. ತಡೆದು, ಇನ್ನೊಂದನ್ನು ಬಿಟ್ಟಳು. ಆಮೇಲೆ ಮೂರನೆಯದು.

ಕ್ಲೆಮ್ ಚುಕ್ಕಾಣಿ ಬಿಟ್ಟ. ಬಟ್ಟಲು ಈಸಿಕೊಳ್ಳುವವನ ಹಾಗೆ ಅಂಗೈಯನ್ನು ಗುಂಡಿಯ ಕಡೆಗೆ ಚಾಚಿ, ಕಾಯುತ್ತ ನಿಂತ.