ಹುಳಿ ಹಾಕಬೇಡಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತಮ್ಮ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅವನಂಥ ತಮ್ಮ ಇದ್ದರೆ ಅದು ಬೇರೆಲ್ಲಿರಬೇಕು? ಆದರೆ ಆ ದಿನ ಬೆಳಿಗ್ಗೆ ಟೀಚರಮ್ಮ ಗೇಟು ತೆಗೆದು ಒಳಗೆ ಬಂದಾಗ ನಾನು ಶಾಂತವಾಗಿಯೇ ಇದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಟೀಚರಮ್ಮ ಹಿಂದಿನ ಬೀದಿಯವರು, ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಟೊಮೆಟೊ ತುಂಬಿದ ಗಾಜಿನ ಬಾಟಲಿ. ಬಾಟಲಿಯನ್ನು ಮೆಟ್ಟಿಲ ಮೇಲೆ ಟಕ್ಕೆಂದು ಇಟ್ಟರು. ತಗಡಿನ ಮುಚ್ಚಳ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು.

"ನಿಮ್ಮ ಮಾತು ನಂಬಿದ್ದಕ್ಕೆ ನೋಡಿ ಇದು. ಹನ್ನೊಂದು ಬಾಟಲಿ ತುಂಬಿಟ್ಟಿದ್ದೆ. ಆರು ಹೀಗಾಗಿದೆ."

"ತಿಂದಿಲ್ಲ ತಾನೆ?"

"ಇನ್ನೂ ಇಲ್ಲ."

ಸರಿಯಾಗಿ ಕುದಿಸಿರಲಿಕ್ಕಿಲ್ಲ, ಬಾಟಲಿ ತೊಳೆದಿರಲಿಕ್ಕಿಲ್ಲ ಎಂದು ನನ್ನ ತಲೆ ಆಗಲೇ ಅವರ ಮೇಲೆ ತಪ್ಪು ಹೊರಿಸಲು ಶುರುಮಾಡಿತ್ತು. ಅಷ್ಟರಲ್ಲಿ ಅವರು ಬುಟ್ಟಿಯ ಬಟ್ಟೆ ಸರಿಸಿದರು. ಒಂದು ಹಣ್ಣು ಮೊಟ್ಟೆಯಂತೆ ಉದ್ದ, ಒಂದು ಚಪ್ಪಟೆ, ಒಂದು ನಿಂಬೆಯಷ್ಟೇ. ಇನ್ನೊಂದನ್ನು ಹಿಚುಕಿದರೆ ಬರೀ ನೀರು, ಬರೀ ಬೀಜ. ಎಲ್ಲವೂ ಒಂದೇ ಪೊಟ್ಟಣದ ಗಿಡದವು ಎಂದರು ಟೀಚರಮ್ಮ. ಖಾಲಿ ಪೊಟ್ಟಣವನ್ನೂ ತಂದಿದ್ದರು, ಲೆಕ್ಕದ ಟೀಚರಲ್ಲವೇ, ಸಾಕ್ಷಿ ಬಿಟ್ಟು ಬರುವವರಲ್ಲ. ಅದರ ಮೇಲೆ ನೀಲಿ ಶಾಯಿಯಲ್ಲಿ ನನ್ನದೇ ಮಾತಿನ ಮೊಹರು: ಈ ಹಣ್ಣಿಗೆ ಹುಳಿ ಹಾಕಬೇಡಿ. ಕೆಳಗೆ, ಅಕ್ಕ. ಆದರೆ ಪೊಟ್ಟಣದ ಬಾಯಿಗೆ ಪಿನ್ನು ಹೊಡೆದಿತ್ತು.

ನನ್ನ ಪೊಟ್ಟಣಕ್ಕೆ ಪಿನ್ನಿರುವುದಿಲ್ಲ. ಕೆಂಪು ದಾರ ಕಟ್ಟಿರುತ್ತದೆ.

ಇಲ್ಲಿ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ನಾನು ಇಪ್ಪತ್ತೆರಡು ವರ್ಷ ಹಣ್ಣು ತರಕಾರಿ ಬಾಟಲಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದವಳು. ತುಂಬಿದ ಬಾಟಲಿಗಳನ್ನು ತಪಾಸಣೆ ಮಾಡುವುದು ನನ್ನ ಮೇಜಿನ ಕೆಲಸ. ಹುಳಿ ನೋಡುವ ಕಾಗದದ ಪಟ್ಟಿಯನ್ನು ರಸಕ್ಕೆ ಅದ್ದಿ, ಬಂದ ಬಣ್ಣವನ್ನು ಒಂದು ಕಾರ್ಡಿನ ಪಕ್ಕ ಹಿಡಿದು ನೋಡಬೇಕು. ಕಾರ್ಡಿನ ಮೇಲೆ ಪೆನ್ನಿನಲ್ಲಿ ಎಳೆದ ಗೆರೆ. ಬಣ್ಣ ಗೆರೆ ದಾಟಿದರೆ ಹುಳಿ ಸಾಲದು ಎಂದರ್ಥ, ಬಾಟಲಿ ಚರಂಡಿಗೆ. ಹುಳಿ ಸಾಲದ ಬಾಟಲಿಯಲ್ಲಿ ವಿಷ ಹುಟ್ಟುತ್ತದೆ, ಅದು ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಅದಕ್ಕೇ ಅಲ್ಲಿ ಯಾರ ತೋಟದ ಹಣ್ಣೇ ಬರಲಿ, ಮುಖ ಮೋರೆ ನೋಡದೆ ಬಾಟಲಿಗೊಂದು ಚಮಚ ಹುಳಿಪುಡಿ ಹಾಕುತ್ತಿದ್ದೆವು.

ಮನೆಯಲ್ಲಿ ತುಂಬುವವರಿಗೆ ಆ ಚಮಚ ಕಂಡರಾಗದು. ರುಚಿ ಕೆಡುತ್ತದೆ ಎಂದು ಮೂಗು ಮುರಿಯುತ್ತಾರೆ. ಕಾರ್ಖಾನೆ ಮುಚ್ಚಿದ ಮೇಲೆ ನಾನು ಹಿತ್ತಲಿನಲ್ಲಿ ಏಳು ವರ್ಷ ಒದ್ದಾಡಿದ್ದು ಇದಕ್ಕಾಗಿಯೇ. ಕುದಿಸಿದರೆ ನೀರಾಗದ ಹಣ್ಣು ಬೇಕು, ಹುಳಿಯೂ ಅದರಲ್ಲೇ ಇರಬೇಕು. ಕೊನೆಗೆ ಟೊಮೆಟೊ ಜಾತಿಯಲ್ಲೇ ಇಬ್ಬರು ಸಿಕ್ಕಿದರು. ಒಬ್ಬಳು ದಪ್ಪಮ್ಮ, ಮೈತುಂಬ ತಿರುಳು, ಸ್ವಭಾವ ಸಪ್ಪೆ. ಇನ್ನೊಬ್ಬ ಸಿಡುಕಪ್ಪ, ಗೋಲಿಯಷ್ಟು ಹಣ್ಣು, ಬಾಯಿಗಿಟ್ಟರೆ ಕಣ್ಣು ತಾನಾಗಿ ಮುಚ್ಚಬೇಕು, ಅಂಥ ಹುಳಿ. ದಪ್ಪಮ್ಮನ ಮೊಗ್ಗು ಅರಳುವ ಮೊದಲೇ ಚಿಮುಟದಿಂದ ಒಳಗಿನ ಹಳದಿ ಕೊಳವೆಯನ್ನು ಕಿತ್ತುಬಿಡಬೇಕು, ಇಲ್ಲದಿದ್ದರೆ ತನ್ನ ಪರಾಗ ತಾನೇ ಹಾಕಿಕೊಂಡುಬಿಡುತ್ತಾಳೆ. ಮರುದಿನ ಸಿಡುಕಪ್ಪನ ಪರಾಗವನ್ನು ಉಗುರಿನ ತುದಿಯಲ್ಲಿ ತಂದು ಮುಟ್ಟಿಸಿ, ತೊಟ್ಟಿಗೆ ಹೊಲಿಗೆ ಡಬ್ಬಿಯ ಕೆಂಪು ದಾರ ಕಟ್ಟಬೇಕು. ಆ ದಾರದ ಹಣ್ಣಿನೊಳಗಿನ ಬೀಜವೇ ನನ್ನ ಮಗಳು. ಪ್ರತಿ ವರ್ಷ ಹೊಸದಾಗಿ ಇಷ್ಟೂ ಮಾಡಬೇಕು. ಇದಕ್ಕೆಂದೇ ಹಿತ್ತಲಲ್ಲಿ ಬಲೆ ಕಟ್ಟಿದ ಮೂಲೆಗೆ ನಾನು ಯಾರನ್ನೂ ಬಿಟ್ಟವಳಲ್ಲ.

ತಮ್ಮನಿಗೆ ಬೀಜ, ಗೊಬ್ಬರದ ಅಂಗಡಿ. ಪೊಟ್ಟಣಕ್ಕೆ ಮೊಹರು ಒತ್ತಿ ಮಾರುವುದಷ್ಟೇ ಅವನ ಪಾಲಿನ ಕೆಲಸ.

ಟೀಚರಮ್ಮನ ಹಣ್ಣು ನಾಲ್ಕಕ್ಕೆ ಕಾಗದ ಹಿಡಿದೆ. ಮೂರು ಗೆರೆ ದಾಟಿದವು. ಮೈಯೆಲ್ಲ ಉರಿದುಹೋಯಿತು. ಚಪ್ಪಲಿ ಅದಲುಬದಲಾಗಿದ್ದೂ ಗೊತ್ತಾಗದೆ ಅಂಗಡಿಗೆ ನಡೆದೆ.

ಅವನು ಏಣಿಯ ಮೇಲೆ ನಿಂತು ಗೊಬ್ಬರದ ಡಬ್ಬಿ ಜೋಡಿಸುತ್ತಿದ್ದ. ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಯಲ್ಲಿ ಇನ್ನೂ ಐದಾರು ಪೊಟ್ಟಣ ನೇತಾಡುತ್ತಿದ್ದವು. ಕಿತ್ತು ಕೈಯಲ್ಲಿ ಹಿಡಿದೆ.

"ಇಳಿಯೋ ಕೆಳಗೆ! ಈ ಪಿನ್ನು ಹೊಡೆದೋರು ಯಾರು?"

"ನಾನೇ ಅಕ್ಕ. ದಾರದ್ದು ಖಾಲಿ ಆಗಿತ್ತು."

"ದಾರ ಖಾಲಿ ಆಗಿತ್ತೋ, ಬೀಜ ಖಾಲಿ ಆಗಿತ್ತೋ?"

"ಎರಡೂ. ನೀನು ಕೊಟ್ಟಿದ್ದು ಅರವತ್ತು ಪೊಟ್ಟಣ. ಜನ ಬಂದು ಬಂದು ಕೇಳ್ತಾರೆ, ಇಲ್ಲ ಅಂತ ಎಷ್ಟು ಸಲ ಹೇಳ್ಲಿ? ಹೋದ ವರ್ಷ ನಮ್ಮ ಹಿತ್ತಲಲ್ಲಿ ಬೆಳೆದಿದ್ವಲ್ಲ, ನಿನ್ನದೇ ಹಣ್ಣು, ಅದರ ಬೀಜ ತೆಗೆದು ಒಣಗಿಸಿ ಹಾಕ್ದೆ. ಮೂವತ್ತನಾಲ್ಕು ಪೊಟ್ಟಣ ಹೋಯ್ತು." ಅವನ ಮುಖದಲ್ಲಿ ಮೆಚ್ಚುಗೆ ನಿರೀಕ್ಷಿಸುವ ಒಂದು ಪೆಚ್ಚು ನಗೆ.

"ಅಯ್ಯೋ ಮಂಕುದಿಣ್ಣೆ! ಮಗಳ ಹೊಟ್ಟೇಲಿ ಮಗಳೇ ಹುಟ್ತಾಳೇನೋ? ಮೊಮ್ಮಕ್ಕಳು ಹುಟ್ತಾರೆ! ಒಂದು ಅಜ್ಜನ ಹಾಗೆ, ಒಂದು ಅಜ್ಜಿ ಹಾಗೆ, ಒಂದು ಯಾರ ಹಾಗೂ ಇಲ್ಲ. ಒಂದೇ ಹೊಟ್ಟೇಲಿ ನಾನೂ ಹುಟ್ಟಿದೀನಿ, ನೀನೂ ಹುಟ್ಟಿದೀಯ, ನೋಡ್ಕೋ!"

ಗುದ್ದಲಿ ಕೊಳ್ಳಲು ಬಂದವನೊಬ್ಬ ಕಿಸಕ್ಕೆಂದ. ತಮ್ಮ ನಗಲಿಲ್ಲ. ಏಣಿಯಿಂದ ಇಳಿದು ಕೈ ಒರೆಸಿಕೊಂಡ.

"ನಾನು ನಿನ್ನ ಕೇಳಿದ್ದೆ ಅಕ್ಕ. ಬೀಜ ಎಲ್ಲಿಂದ ತೆಗೀತೀಯ ಅಂತ. ಏನು ಹೇಳ್ದೆ ನೀನು?"

ನನಗೆ ನೆನಪಿತ್ತು. "ಹಣ್ಣಿನೊಳಗಿಂದ, ಇನ್ನೇನು ಆಕಾಶದಿಂದ ಉದುರುತ್ತಾ?" ಎಂದಿದ್ದೆ. ಚಿಮುಟ ಕೈಯಲ್ಲಿತ್ತು, ಅವಸರದಲ್ಲಿದ್ದೆ, ಅವನ ಪ್ರಶ್ನೆ ಪೆದ್ದುಪೆದ್ದಾಗಿ ಕೇಳಿಸಿತ್ತು. ನೆನಪಾದದ್ದಕ್ಕೆ ಕೋಪ ಇನ್ನಷ್ಟು ನೆತ್ತಿಗೇರಿತು.

"ಬಾಯಿ ಮುಚ್ಚು, ಗಾಡಿ ತೆಗಿ. ಯಾರ್ಯಾರಿಗೆ ಕೊಟ್ಟಿದೀಯೋ ಎಲ್ಲರ ಮನೆಗೂ ಹೋಗ್ಬೇಕು. ಇವತ್ತೇ."

ಅವನು ಅಂಗಡಿಯ ಬಾಗಿಲೆಳೆದ. ಅವನ ಸ್ಕೂಟರಿನ ಹಿಂದೆ ಕೂತು ನಾನು ದಾರಿಯುದ್ದಕ್ಕೂ ಅವನ ಬೆನ್ನಿಗೆ ಬೈದೆ. ಪಿನ್ನಿನ ಪೊಟ್ಟಣ ಯಾರ ಮನೆಗೆ ಹೋಗಿದೆ ಎಂಬುದು ಅವನಿಗೆ ಕೊಂಡವರ ಮುಖದಿಂದಲೇ ನೆನಪಿತ್ತು. ಪ್ರತಿ ಮನೆಯಲ್ಲೂ ಅದೇ ಪಾಠ: ಪಿನ್ನಿನ ಪೊಟ್ಟಣದ ಹಣ್ಣನ್ನು ಹಸಿಯಾಗಿ ತಿನ್ನಿ, ಅಡುಗೆಗೆ ಹಾಕಿ, ಬಾಟಲಿಗೆ ತುಂಬಿದ್ದರೆ ಮಾತ್ರ ಬಿಸಾಡಿ. ದೊಡ್ಡಾಸ್ಪತ್ರೆಯ ನರ್ಸು ಒಂದು ಪ್ರಶ್ನೆಯನ್ನೂ ಕೇಳದೆ ಎಲ್ಲ ಬಾಟಲಿಯನ್ನೂ ಹಾಗೆಯೇ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದಳು. ದರ್ಜಿ ಮಾತ್ರ ಬಾಗಿಲಿಗೆ ಅಡ್ಡ ನಿಂತ.

"ವಾಸನೇನೇ ಇಲ್ವಲ್ಲಕ್ಕ? ಮುಚ್ಚಳನೂ ಗಟ್ಟಿಯಾಗಿದೆ."

"ವಾಸನೆ ಬಂದಿದ್ರೆ ನಾಯಿನೂ ಮುಟ್ತಿರಲಿಲ್ಲ. ವಾಸನೆ ಬರದೇ ಇರೋದೇ ಆಸ್ಪತ್ರೆಗೆ ಕಳಿಸೋದು. ಕೊಡಿ ಇಲ್ಲಿ."

"ಎರಡು ದಿನ ಕೂತು ಹೆಚ್ಚಿದ್ದೀವಿ, ನಾನೂ ನಮ್ಮವಳೂ."

"ಇವನನ್ನ ಬೈರಿ," ಎಂದು ತಮ್ಮನನ್ನು ಮುಂದೆ ತಳ್ಳಿದೆ. ದರ್ಜಿ ಬೈದ. ತಮ್ಮ ತಲೆ ತಗ್ಗಿಸಿ ನಿಂತು ಅಷ್ಟನ್ನೂ ಕೇಳಿಸಿಕೊಂಡ. ನನಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ.

ದಾರಿಯಲ್ಲಿ ಸಿಕ್ಕ ಕೆಲವರ ಮನೆಯಲ್ಲಿ ಕೆಂಪು ದಾರದ ಪೊಟ್ಟಣವೇ ಇತ್ತು. ಸುದ್ದಿ ಕೇಳಿ ಅವರೂ ಬಾಟಲಿ ಹಿಡಿದುಕೊಂಡು ಹೊರಗೆ ಬಂದಿದ್ದರು. ಅವರೆದುರು ನನ್ನ ದನಿಯೇ ಬೇರೆಯಾಗುತ್ತಿತ್ತು. "ನಿಮ್ಮದಕ್ಕೇನೂ ಆಗಿಲ್ಲ. ಅದು ನನ್ನ ಕೈಯಿಂದ ಬಂದಿದ್ದು. ಧೈರ್ಯವಾಗಿ ತಿನ್ನಿ." ಒಂಬತ್ತು ಮನೆಯಲ್ಲಿ ಹೀಗೆ ಹೇಳಿದೆ. ಮೂಲೆ ಮನೆಯ ಹಳೇ ಲಾರಿ ಡ್ರೈವರ್ ಅಂತೂ, "ಗೊತ್ತಿತ್ತು ಬಿಡಿ, ಅಕ್ಕನ ಮಾತು ಅಂದ್ರೆ ಮಾತು," ಎಂದು ಕೈ ಮುಗಿದ. ನಾನೂ ಕೈ ಮುಗಿಸಿಕೊಂಡೆ.

ಕೊನೆಗೆ ತಮ್ಮನ ಮನೆ. ಅವನ ಹೆಂಡತಿ ಮೆತ್ತಗಿನ ಹೆಂಗಸು, ನನ್ನೆದುರು ಕೂರುವಾಗಲೂ ಸ್ಟೂಲಿನ ತುದಿಯಲ್ಲೇ ಕೂರುವವಳು. ಅಡುಗೆಮನೆಯ ಕಟ್ಟೆಯ ಮೇಲೆ ಇಪ್ಪತ್ತೆಂಟು ಬಾಟಲಿ ಸಾಲಾಗಿ ನಿಂತಿದ್ದವು, ಒಂದೊಂದಕ್ಕೂ ಚೀಟಿ ಅಂಟಿಸಿ ತಾರೀಖು ಬರೆದಿದ್ದಳು. ಅರ್ಧ ನಾನೇ ಕೈಯಾರೆ ಕೊಟ್ಟ ದಾರದ ಪೊಟ್ಟಣದ್ದು, ಅರ್ಧ ಗಂಡ ಮಾಡಿದ ಪಿನ್ನಿನದ್ದು. ಪಿನ್ನಿನ ಹದಿನಾಲ್ಕು ಬಾಟಲಿಯನ್ನು ಚೀಲಕ್ಕೆ ಹಾಕಿದಳು. ಉಳಿದದ್ದನ್ನು ಮುಟ್ಟಬೇಡ, ಅವು ಚಿನ್ನದಂಥವು ಎಂದೆ. ಅವಳು ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು.

"ಅಕ್ಕ, ಒಂದು ಕೇಳ್ಲಾ? ಬೈಬಾರದು."

"ಬೈಯೋ ಹಾಗಿದ್ರೆ ಬೈತೀನಿ."

"ನಮ್ಮ ಬೀಜದ ಹಣ್ಣಿಗೆ ಇವತ್ತು ಕಾಗದ ಹಿಡಿದ್ರಿ. ನಿಮ್ಮ ಹಣ್ಣಿಗೆ ಹಿಡಿದಿದ್ದು ಯಾವಾಗ?"

ತಮ್ಮ ಮೊದಲ ಬಾರಿಗೆ ತಲೆಯೆತ್ತಿ ನನ್ನನ್ನು ನೋಡಿದ.

"ನನ್ನ ಹಣ್ಣಿಗೆ ಕಾಗದ ಬೇಕೇನೇ? ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳಿಗೆ ನೀನು ಹೇಳ್ಕೊಡ್ತೀಯಾ? ಬಾಟಲಿಗೆ ಚೀಟಿ ಅಂಟಿಸೋದು ಕಲಿತ ತಕ್ಷಣ ದೊಡ್ಡವಳಾದ್ಯಾ?" ಇನ್ನೂ ಏನೇನೋ ಅಂದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಅಳಲಿಲ್ಲ, ಕಾಯುತ್ತ ನಿಂತಿದ್ದಳು. ಮೊದಲ ಎರಡು ವರ್ಷ ಪ್ರತಿ ಗಿಡದ ಹಣ್ಣಿಗೂ ಕಾಗದ ಹಿಡಿದಿದ್ದೆ. ಆಮೇಲೆ ಬಿಟ್ಟಿದ್ದೆ. ಎಲ್ಲರೂ ಹೊಗಳುವಾಗ ಯಾರು ಹಿಡಿಯುತ್ತಾರೆ?

ಅವಳ ಮುಖಕ್ಕೆ ಹಿಡಿದು ತೋರಿಸಬೇಕೆಂದೇ ಮನೆಗೆ ಬಂದೆ. ಬಿಸಿಲು ಇನ್ನೂ ಇತ್ತು. ನನ್ನ ತಿನ್ನುವ ಪಾತಿಯಲ್ಲಿ ಮಗಳದೇ ಹನ್ನೆರಡು ಗಿಡಗಳಿದ್ದವು. ಎಂಟು ಹಣ್ಣು ಕಿತ್ತು ಹಿತ್ತಲ ಕಟ್ಟೆಯ ಮೇಲಿಟ್ಟೆ, ಚಾಕು ತೊಳೆದೆ, ಪಟ್ಟಿಗಳನ್ನು ಸಾಲಾಗಿ ಹರಡಿದೆ. ಒಂದು, ಗೆರೆಯೊಳಗೆ. ಎರಡು, ಗೆರೆಯೊಳಗೆ. ಒಂದೊಂದಕ್ಕೂ "ಈಗೇನಂತೀಯೇ?" ಎಂದು ಗಟ್ಟಿಯಾಗಿ ಹೇಳಿದೆ, ಎದುರಿಗೆ ಯಾರೂ ಇಲ್ಲದಿದ್ದರೂ. ಏಳೂ ಗೆರೆಯೊಳಗೇ.

ಎಂಟನೆಯದು ನೀರಿನ ತೊಟ್ಟಿಯ ನೆರಳು ಬೀಳುವ ಗಿಡದ್ದು, ಹಣ್ಣಾಗಿ ಎರಡು ದಿನ ಹೆಚ್ಚೇ ಆಗಿತ್ತು. ಪಟ್ಟಿ ಗೆರೆ ದಾಟಿತು.

ಚಾಕು ಸರಿಯಾಗಿ ತೊಳೆದಿಲ್ಲ ಎಂದುಕೊಂಡೆ. ಮತ್ತೆ ತೊಳೆದೆ. ಮತ್ತೆ ದಾಟಿತು. ಕಾಗದ ಹಳೆಯದು ಎಂದು ಹೊಸ ಡಬ್ಬಿ ಒಡೆದೆ. ಅದೇ ಗಿಡದ ಇನ್ನೊಂದು ಹಣ್ಣು ಕಿತ್ತೆ. ಅದೂ ದಾಟಿತು. ಕಾಗದದ ಮೇಲೆ ಸಿಟ್ಟು ಬಂತು, ತೊಟ್ಟಿ ಕಟ್ಟಿದ ಮೇಸ್ತ್ರಿಯ ಮೇಲೆ ಬಂತು, ಆ ಮೆತ್ತಗಿನ ಹೆಂಗಸಿನ ಮೇಲೆ ಬಂತು. ಆಮೇಲೆ ಸಿಟ್ಟು ಮಾಡಿಕೊಳ್ಳಲು ಬೇರೆ ಯಾರೂ ಉಳಿಯಲಿಲ್ಲ.

ಇಪ್ಪತ್ತೆರಡು ವರ್ಷ ಯಾರ ಹಣ್ಣನ್ನೂ ನಂಬದೆ ಚಮಚ ಹಾಕಿದವಳು ನಾನು. ನನ್ನ ಹಣ್ಣು ಎಂದ ಕೂಡಲೇ ಚಮಚ ಬೇಡವಾಯಿತು. ತಮ್ಮ ಮಾಡಿದ್ದು ತಿಳಿಯದೆ. ನಾನು ಮಾಡಿದ್ದು ತಿಳಿದೂ.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಕಟ್ಟೆಯ ಮೇಲೆ ಕೂತಿದ್ದೆ. ತಮ್ಮ ಬಂದ. ನೋಡಿದ. ಬೀಗ ತೆಗೆದ.

"ಮೊಹರು ಕೊಡು. ಬ್ಲೇಡೂ ಕೊಡು."

ರಬ್ಬರಿನ ಮೊಹರು ತಿರುಗಿಸಿ ಹಿಡಿದು ಮೇಲಿನ ಸಾಲಿನ ಕೊನೆಯ ಅಕ್ಷರವನ್ನು ಬ್ಲೇಡಿನಿಂದ ಕೆತ್ತಿ ತೆಗೆದೆ. ಹಾಳೆಯ ಮೇಲೆ ಒತ್ತಿದರೆ, ಈ ಹಣ್ಣಿಗೆ ಹುಳಿ ಹಾಕಬೇ, ಎಂದು ಬಂತು. 'ಡಿ' ಇದ್ದ ಜಾಗದಲ್ಲಿ ಪೆನ್ನಿನಿಂದ 'ಕು' ಎಂದು ಬರೆದೆ. ಹಾಕಬೇಕು. ಒಂಬತ್ತು ಚೀಟಿ ಹಾಗೆ ಮಾಡಿದೆ. ಸಾಲದೆಂದು ಒಂದೊಂದರ ಕೆಳಗೂ, ಯಾವ ಹಣ್ಣೇ ಆಗಲಿ, ಎಂದು ಬರೆದೆ.

"ಒಂಬತ್ತಾ?" ಎಂದ ತಮ್ಮ.

"ಅವರಿಗೇ ತಾನೆ ಧೈರ್ಯವಾಗಿ ತಿನ್ನಿ ಅಂದಿದ್ದು. ದಾರದ ಅರವತ್ತು ಪೊಟ್ಟಣದವರೂ ಇದಾರೆ, ಆಮೇಲೆ. ಮೊದಲು ನಿನ್ನ ಹೆಂಡತಿಗೆ ಫೋನ್ ಮಾಡು. ಉಳಿದ ಹದಿನಾಲ್ಕೂ ಬಿಸಾಡೋಕೆ ಹೇಳು. ಅವಳು ಕೇಳಿದ್ದು ಸರಿ ಇತ್ತು ಅಂತಲೂ ಹೇಳು. ಬೇಡ, ಅದನ್ನ ನಾನೇ ಬಂದು ಹೇಳ್ತೀನಿ."

ಮೂಲೆ ಮನೆಯ ಡ್ರೈವರ್ ಬಾಗಿಲು ತೆರೆದಾಗ ಕೈಯಲ್ಲಿ ಚಮಚವಿತ್ತು, ಹಿಂದೆ ಮೇಜಿನ ಮೇಲೆ ಮುಚ್ಚಳ ತೆಗೆದ ಬಾಟಲಿ.

"ಏನಕ್ಕ, ಮತ್ತೆ ಬಂದ್ರಿ? ನಮ್ಮದು ಕೆಂಪು ದಾರದ್ದಲ್ವಾ?"

"ಚಮಚ ಕೆಳಗಿಡಿ," ಎಂದೆ. "ತಿಂದ್ರಾ?"

"ಇಲ್ಲ, ಈಗಿನ್ನೂ ತೆಗೆದೆ."

"ತಿನ್ನಬೇಡಿ. ನಿನ್ನೆ ಹೇಳಿದ್ದು ತಪ್ಪು. ಬಿಸಾಡಿ."

"ಅಯ್ಯೋ, ಮತ್ತೆ ತಮ್ಮನ ಎಡವಟ್ಟಾ?"

"ಅಲ್ಲ. ನಂದು."

ಅವನು ನನ್ನ ಮುಖವನ್ನೂ ಬಾಟಲಿಯನ್ನೂ ನೋಡಿದ. ನಿನ್ನೆಯಂತೆ ಕೈ ಮುಗಿಯಲಿಲ್ಲ. ಚೀಟಿ ತೆಗೆದುಕೊಂಡು ಬಾಗಿಲು ಹಾಕಿಕೊಂಡ.

ತಮ್ಮ ಗೇಟಿನ ಹತ್ತಿರ ಸ್ಕೂಟರ್ ಆರಿಸದೆ ನಿಂತಿದ್ದ. ನಾನು ಹಿಂದೆ ಕೂತೆ. ಇನ್ನೂ ಎಂಟು ಮನೆಗಳಿದ್ದವು. ಅವನು ತಿರುಗಿ ಒಂದೇ ಒಂದು ಮಾತು ಬೈದುಬಿಟ್ಟಿದ್ದರೆ ಸಾಕಿತ್ತು, ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಆ ಪುಣ್ಯಾತ್ಮ, "ಸರಿಯಾಗಿ ಹಿಡ್ಕೋ ಅಕ್ಕ," ಎಂದು ಗಾಡಿ ಬಿಟ್ಟ.